ಒದ್ದೆ ಗೋಣಿ ಹೊದ್ದ ಪೆಟ್ಟಿಗೆ

ಶಿಡ್ಲಘಟ್ಟದ ನಮ್ಮ ಮನೆಯ ಮುಂದಿನ ಕೋಣೆಯಲ್ಲಿ ಒಂದು ಕಾಲಕ್ಕೆ ರೇಷ್ಮೆ ನೂಲು ತೆಗೆಯುವ ಚರಕ ಇತ್ತು. ಈಗ ಅಲ್ಲಿ ನನ್ನ ಮೇಜು, ಎರಡು ಕಂಪ್ಯೂಟರ್ ಪರದೆ, ಕರೆಂಟು ಹೋದ ಕೂಡಲೇ ಕೀಂಯ್ ಎನ್ನುವ ಒಂದು ಯುಪಿಎಸ್ ಇವೆ. ಬೇಯಿಸಿದ ಗೂಡಿನ ಹಳೆಯ ವಾಸನೆ ಮಾತ್ರ ಗೋಡೆ ಬಿಟ್ಟು ಹೋಗಿಲ್ಲ, ಮಳೆ ಬಂದ ದಿನ ಎದ್ದು ಬರುತ್ತದೆ. ಹೊಸಬರು ಮೂಗು ಮುಚ್ಚಿಕೊಳ್ಳುತ್ತಾರೆ. ನನಗೇನೋ ಆ ವಾಸನೆ ಬಂದ ದಿನ ಕೆಲಸ ಚೆನ್ನಾಗಿ ಸಾಗುತ್ತದೆ.

ಪರದೆಯ ಮೇಲೆ ನಮ್ಮ ಜಿಲ್ಲೆಯ ನಕಾಶೆ. ಅದರೊಳಗೆ ಹಸಿರು ಚುಕ್ಕಿಗಳು ಓಡಾಡುತ್ತಿರುತ್ತವೆ. ಒಂದು ಚಿಂತಾಮಣಿ ದಾಟಿ ಕೈವಾರದ ಕಡೆ, ಇನ್ನೊಂದು ಚಿಕ್ಕಬಳ್ಳಾಪುರದ ಹೆದ್ದಾರಿಯಲ್ಲಿ, ಮತ್ತೊಂದು ಗೌರಿಬಿದನೂರಿನ ದಾರಿ ಹಿಡಿದು. ಒಂದೊಂದು ಚುಕ್ಕಿಯೂ ಒಂದೊಂದು ವ್ಯಾನು, ಒಂದೊಂದು ವ್ಯಾನಿನಲ್ಲೂ ಟ್ರೇಗಳ ತುಂಬ ಚಾಕಿ ಹುಳು. ಮೊಟ್ಟೆಯೊಡೆದು ಬಂದ ರೇಷ್ಮೆ ಹುಳುವನ್ನು ಎರಡನೇ ಜ್ವರದವರೆಗೆ ಚಾಕಿ ಕೇಂದ್ರದಲ್ಲಿ ಸಾಕಿ, ಆಮೇಲೆ ರೈತರ ಹುಳುಮನೆಗಳಿಗೆ ಮುಟ್ಟಿಸುವುದು ನಮ್ಮ ಕಡೆಯ ಪದ್ಧತಿ. ಜ್ವರ ಎಂದರೆ ಕಾಯಿಲೆಯಲ್ಲ. ಹುಳು ಸೊಪ್ಪು ತಿನ್ನುವುದನ್ನು ಬಿಟ್ಟು, ತಲೆಯೆತ್ತಿ ಅಲುಗಾಡದೆ ಕೂತು, ಹಳೆಯ ಚರ್ಮ ಕಳಚುವ ಹೊತ್ತು ಅದು. ಆ ಹೊತ್ತಿನಲ್ಲೇ ಅದನ್ನು ಸಾಗಿಸಬೇಕು. ಸೆಕೆ ಏರಬಾರದು, ತೇವ ತಾಗಬಾರದು, ಗಾಡಿ ಕುಲುಕಬಾರದು. ಹಸಿ ಬಾಣಂತಿಯನ್ನು ಮನೆಗೆ ಕರೆತರುವಷ್ಟು ನಾಜೂಕಿನ ಕೆಲಸ.

ಈ ವ್ಯಾನುಗಳನ್ನೆಲ್ಲ ಒಂದು ದಾರಕ್ಕೆ ಪೋಣಿಸಿದವಳು ನಾನು. ಜಂಬ ಅನ್ನಿಸಿದರೆ ಅನ್ನಿಸಲಿ. ಹೆತ್ತವರಿಗೆ ಹೆಗ್ಗಣ ಮುದ್ದು ಅನ್ನುತ್ತಾರೆ. ನನ್ನ ಹೆಗ್ಗಣ ನಿಜವಾಗಿಯೂ ಮುದ್ದಾಗಿದೆ, ನಾನೇನು ಮಾಡಲಿ?

ಈ ಕೆಲಸ ನಾನು ಕಲಿತದ್ದು ಗೌರಿಬಿದನೂರಿನ ಬಳಿಯ ಕುಡುಮಲಕುಂಟೆಯಲ್ಲಿ. ಅಲ್ಲಿನ ಒಂದು ಕಾರ್ಖಾನೆಯಲ್ಲಿ ಸರಕು ಕಳಿಸುವ ವಿಭಾಗದಲ್ಲಿ ಕೆಲವು ವರ್ಷ ಕೆಲಸ ಮಾಡಿದೆ. ಲಾರಿ ಎಲ್ಲಿದೆ, ಎಷ್ಟು ವೇಗದಲ್ಲಿದೆ, ಎಲ್ಲಿ ನಿಂತಿದೆ ಎಂದು ಪರದೆಯ ಮುಂದೆ ಕೂತು ನೋಡುವುದೇ ನನ್ನ ಕೆಲಸ. ಆ ಲಾರಿಗಳಲ್ಲಿ ಹೋಗುತ್ತಿದ್ದದ್ದು ಕಬ್ಬಿಣದ ಬಿಡಿಭಾಗಗಳು. ಬಿಸಿಲಿಗೆ ಅವಕ್ಕೆ ಏನೂ ಆಗುತ್ತಿರಲಿಲ್ಲ. ಕಬ್ಬಿಣಕ್ಕೆ ಇಷ್ಟೊಂದು ಕಾವಲು, ಉಸಿರಾಡುವ ನಮ್ಮ ಹುಳುವಿಗೆ ಯಾಕಿಲ್ಲ ಎಂದು ನನಗೆ ಸಿಟ್ಟು ಬರುತ್ತಿತ್ತು. ಸಿಟ್ಟು ಬಂದರೆ ನಾನು ಸುಮ್ಮನೆ ಕೂರುವ ಜಾತಿಯಲ್ಲ. ಕೆಲಸ ಬಿಟ್ಟು ಬಂದು, ನಮ್ಮೂರಿನ ಹತ್ತಿರದ ಚಾಕಿ ಕೇಂದ್ರದ ಯಜಮಾನರ ಮುಂದೆ ನಿಂತೆ. ಅವರು ಕನ್ನಡಕ ಹಣೆಗೇರಿಸಿ ನನ್ನ ಮಾತೆಲ್ಲ ಕೇಳಿದರು.

"ಆಯ್ತಮ್ಮ, ಈ ಬೇಸಿಗೆ ಒಂದು ನೋಡಣ. ಸರಿ ಹೋದ್ರೆ ಇಟ್ಕೊಳ್ಳಣ, ಇಲ್ಲಾಂದ್ರೆ ಬಿಚ್ಕೊಂಡು ಹೋಗು," ಎಂದರು.

ಹೀಗೆ ಒಂದು ಬೇಸಿಗೆಯ ಪರೀಕ್ಷೆಗೆ ನಾನೂ ನನ್ನ ಪೆಟ್ಟಿಗೆಗಳೂ ಕೂತೆವು.

ಪೆಟ್ಟಿಗೆ ಅಂಗೈಯಷ್ಟಗಲ. ವ್ಯಾನು ಎಲ್ಲಿದೆ, ಓಡುತ್ತಿದೆಯೋ ನಿಂತಿದೆಯೋ, ಒಳಗೆ ಎಷ್ಟು ಬಿಸಿ ಇದೆ ಎಂಬುದನ್ನು ಅಳೆದು, ತನ್ನೊಳಗಿನ ಸಿಮ್ಮಿನ ಮೂಲಕ ಕ್ಲೌಡ್‌ಗೆ ಕಳಿಸುತ್ತದೆ. ಕ್ಲೌಡ್ ಎಂದರೆ ಎಲ್ಲೋ ದೂರದ ಊರಿನಲ್ಲಿ ಸಾಲಾಗಿ ಇಟ್ಟಿರುವ, ನಾವು ಬಾಡಿಗೆಗೆ ಹಿಡಿದಿರುವ ಕಂಪ್ಯೂಟರುಗಳು. ಅವು ಎಲ್ಲ ವ್ಯಾನುಗಳ ಸುದ್ದಿಯನ್ನೂ ಒಟ್ಟಿಗೆ ಇಟ್ಟುಕೊಂಡು ನೋಡುತ್ತವೆ. ಒಂದರಲ್ಲಿ ಬಿಸಿ ಏರಿದರೆ ಚುಕ್ಕಿ ಕೇಸರಿ ಬಣ್ಣಕ್ಕೆ ತಿರುಗುತ್ತದೆ, ಡ್ರೈವರನ ಫೋನೂ ನನ್ನ ಫೋನೂ ಒಟ್ಟಿಗೆ ಕೂಗುತ್ತವೆ. ಮುಂದಿನ ವ್ಯಾನು ಎಲ್ಲಾದರೂ ಸಿಕ್ಕಿಬಿದ್ದರೆ ಹಿಂದೆ ಬರುವವರಿಗೆ ಮೊದಲೇ ಸುದ್ದಿ ಹೋಗುತ್ತದೆ.

ನಮ್ಮಪ್ಪ ಮೀಸೆ ಚಿಗುರಿದ ದಿನದಿಂದ ಗೂಡು, ಹುಳು, ಸೊಪ್ಪು ಸಾಗಿಸಿದ ಡ್ರೈವರು. ಅದೇ ಚಾಕಿ ಕೇಂದ್ರಕ್ಕೆ ವ್ಯಾನು ಓಡಿಸುತ್ತಿದ್ದರು. ಮೊದಲು ಅವರೂ ತಕರಾರು ತೆಗೆದರು.

"ಅಂಗೈ ಹುಣ್ಣಿಗೆ ಕನ್ನಡಿ ಯಾಕಮ್ಮ? ಬಾಗ್ಲು ತೆಗ್ದು ಕೈ ಇಟ್ರೆ ಬಿಸಿ ಗೊತ್ತಾಗಲ್ವ? ಅಷ್ಟಕ್ಕೆ ನನ್ನ ಗಾಡಿ ಸುದ್ದಿ ಯಾವ್ದೋ ಊರಿಗೆ ಹೋಗಿ ಬರ್ಬೇಕಾ?"

"ಅಪ್ಪ, ಮುಂಚೆ ಕ್ರಾಸಲ್ಲಿ ಟೀ ಅಂಗಡಿ ಇತ್ತಲ್ಲ, ಅಲ್ಲಿ ನೀವೆಲ್ಲ ಏನ್ ಮಾಡ್ತಿದ್ರಿ?"

"ಏನ್ ಮಾಡ್ತಿದ್ವಿ? ಟೀ ಕುಡೀತಿದ್ವಿ."

"ಸುದ್ದಿ ಬಿಟ್ಟು ಹೋಗ್ತಿರ್ಲಿಲ್ವ? ಚಿಂತಾಮಣಿ ರೋಡಲ್ಲಿ ಮರ ಬಿದ್ದಿದೆ, ಸೇತುವೆ ಹತ್ರ ಲಾರಿ ಕೆಟ್ಟಿದೆ ಅಂತ?"

ಆ ಟೀ ಅಂಗಡಿಯವನು ತನ್ನ ಒಲೆ ಬಿಟ್ಟು ಎದ್ದವನಲ್ಲ, ಆದರೆ ನಾಲ್ಕೂ ದಾರಿಗಳ ಸುದ್ದಿ ಅವನಲ್ಲಿ ಇರುತ್ತಿತ್ತು. ಒಬ್ಬ ಬಿಟ್ಟುಹೋದದ್ದನ್ನು ಇನ್ನೊಬ್ಬ ಎತ್ತಿಕೊಂಡು ಹೋಗುತ್ತಿದ್ದ.

"ಅಂದ್ರೆ ಇದು ಟೀ ಕೊಡ್ದಿರೋ ಟೀ ಅಂಗಡಿ," ಎಂದರು ಅಪ್ಪ. "ಸರಿ, ಮೊದಲ್ನೇದು ನನ್ನ ಗಾಡಿಗೇ ಹಾಕು."

ಹಾಕಿದೆ. ಡ್ರೈವರ್ ಸೀಟಿನ ಹಿಂದೆ, ಹುಳು ಇಡುವ ಜಾಗಕ್ಕೆ ತೆರೆಯುವ ಒಂದು ಸಣ್ಣ ಕಿಂಡಿಯಿದೆ. ಬ್ಯಾಟರಿಯ ವೈರು ಅಲ್ಲಿಯವರೆಗೆ ಮಾತ್ರ ಮುಟ್ಟುತ್ತಿತ್ತು. ಕಿಂಡಿಯ ಪಕ್ಕ, ತಗಡಿನ ಚಾವಣಿಗೆ ಹತ್ತಿರವಾಗಿ, ನಾನೇ ನಿಂತು ಸ್ಕ್ರೂ ತಿರುಗಿಸಿದೆ.

ಉಳಿದ ಡ್ರೈವರುಗಳಿಗೆ ಪೆಟ್ಟಿಗೆ ಕಂಡರೆ ಆಗುತ್ತಿರಲಿಲ್ಲ. "ಅಕ್ಕ, ಇದು ನಮ್ಮ ತಲೆ ಮೇಲೆ ಅತ್ತೆ ಕೂರ್ಸಿದಂಗಿದೆ," ಎಂದ ಅವರಲ್ಲೇ ಚಿಕ್ಕವನು. "ಸೊಸೆ ನೆಟ್ಟಗಿದ್ರೆ ಅತ್ತೆ ಏನ್ ಮಾಡ್ತಾಳಪ್ಪ?" ಎಂದು ಬಾಯಿ ಮುಚ್ಚಿಸಿದೆ. ಅಪ್ಪನ ವ್ಯಾನಿನ ದಾಖಲೆ ತೆಗೆದು ಅವರಿಗೆ ತೋರಿಸುತ್ತಿದ್ದೆ. ಯಾರ ಗಾಡಿಯ ಬಿಸಿಯ ಗೆರೆಯಾದರೂ ಹೊತ್ತೇರಿದ ಹಾಗೆ ಏರುತ್ತಿತ್ತು. ಅಪ್ಪನದು ಮಾತ್ರ ಕಾರ್ತಿಕ ಮಾಸದ ಹಾಗೆ ತಣ್ಣಗೆ, ನೆಟ್ಟಗೆ ಮಲಗಿರುತ್ತಿತ್ತು. "ನೋಡ್ರೋ, ಅನುಭವ ಅಂದ್ರೆ ಇದು, ಕಲೀರಿ," ಎಂದು ಬೀಗುತ್ತಿದ್ದೆ. ಅವರು ಒಳಗೊಳಗೇ ನನ್ನನ್ನು ಬೈದುಕೊಂಡಿರಬೇಕು. ಬೈದದ್ದು ಸರಿಯಾಗಿತ್ತು ಎಂದು ಆಮೇಲೆ ಗೊತ್ತಾಯಿತು.

ಯುಗಾದಿ ಕಳೆದ ಮೇಲಿನ ಒಂದು ರಜಾದಿನ. ಬೆಳಕು ಹರಿಯುವ ಮುಂಚೆಯೇ ಎರಡು ವ್ಯಾನು ಗೌರಿಬಿದನೂರಿನ ಕಡೆಗೆ ಹೊರಟವು. ಮುಂದೆ ಅಪ್ಪನದು, ಅದರ ಹಿಂದೆ ಆ ಚಿಕ್ಕ ಡ್ರೈವರನದು. ಸ್ಕಂದಗಿರಿ ಬೆಟ್ಟ ಹತ್ತಲು ಬಂದವರ ಕಾರುಗಳು, ಬೈಕುಗಳು ಚಿಕ್ಕಬಳ್ಳಾಪುರದ ಹೊರಗೆ ಒಂದಕ್ಕೊಂದು ಅಡ್ಡ ನಿಂತು ರಸ್ತೆಯೇ ಕಟ್ಟಿಹೋಯಿತು. ಬಿಸಿಲು ಏರಿತು. ಮೊದಲು ಚಿಕ್ಕವನ ಚುಕ್ಕಿ ಕೇಸರಿಯಾಯಿತು. ಅವನು ಪಾಪ, ಬೈದುಕೊಂಡೇ ಗಾಡಿಯನ್ನು ಪಕ್ಕದ ಹುಣಸೆ ಮರದ ನೆರಳಿಗೆ ಎಳೆದು, ಬಾಗಿಲು ತೆರೆದು, ಚಾವಣಿಗೆ ನೀರು ಸುರಿದ. ಅವನ ಚುಕ್ಕಿ ಮತ್ತೆ ಹಸಿರಾಯಿತು. ಅಪ್ಪನ ಚುಕ್ಕಿ ಜಾಮಿನ ನಡುವೆ ನಿಂತಲ್ಲೇ ನಿಂತಿತ್ತು, ಆದರೆ ಹಸಿರು ಹಸಿರಾಗಿಯೇ ಇತ್ತು. ನಾನು ಅಮ್ಮನನ್ನು ಕರೆದು ತೋರಿಸಿ ಇನ್ನೊಂದು ಲೋಟ ಕಾಫಿ ಕುಡಿದೆ.

ಮಾರನೆಯ ದಿನ ಗೌರಿಬಿದನೂರಿನ ಬಳಿಯ ಹಳ್ಳಿಯಿಂದ ಫೋನು ಬಂತು. ಅಪ್ಪ ಹುಳು ಮುಟ್ಟಿಸಿದ ಮನೆಯ ಹೆಂಗಸು. ಗಂಡ ಕುಡುಮಲಕುಂಟೆಯಲ್ಲಿ ಪಾಳಿ ಕೆಲಸಕ್ಕೆ ಹೋಗುತ್ತಾರೆ, ಹುಳುಮನೆ ಪೂರ್ತಿ ಈಕೆಯದು. ಅರ್ಧ ಹುಳು ಜ್ವರ ಬಿಟ್ಟು ಎದ್ದಿವೆ, ಅರ್ಧ ಹಾಗೇ ಬಿದ್ದಿವೆ, ಕೆಲವು ಮೆತ್ತಗಾಗಿವೆ ಎಂದರು. ದನಿಯಲ್ಲಿ ಸಿಟ್ಟಿಗಿಂತ ಅಳು ಹೆಚ್ಚಾಗಿತ್ತು. ಸೆಕೆ ತಗುಲಿದ ಹುಳುವಿನ ಲಕ್ಷಣ ಅದು, ನಮ್ಮೂರಿನ ಯಾರನ್ನು ಕೇಳಿದರೂ ಹೇಳುತ್ತಾರೆ.

ಯಜಮಾನರು ನೇರವಾಗಿ ನನ್ನ ಕೋಣೆಗೇ ಬಂದರು. ಪರದೆಯ ಮೇಲೆ ಅಪ್ಪನ ಗೆರೆ ತೋರಿಸಿದೆ. ದಾರಿಯುದ್ದಕ್ಕೂ ತಣ್ಣಗೆ.

"ಹಂಗಾದ್ರೆ ಎರಡ್ರಲ್ಲಿ ಒಂದು," ಎಂದರು. "ನಿಮ್ಮಪ್ಪ ಏನೋ ಎಡವಟ್ಟು ಮಾಡಿದಾರೆ, ಇಲ್ಲ ನಿನ್ನ ಪೆಟ್ಟಿಗೆ ಸುಳ್ಳು ಹೇಳಿದೆ. ಬೇಲೀನೇ ಎದ್ದು ಹೊಲ ಮೇಯ್ದ್ರೆ ಹೆಂಗಮ್ಮ? ನಾಳೆ ಬೆಳಿಗ್ಗೆ ಎಲ್ಲಾರ್ ಮುಂದೇನೆ ತೀರ್ಮಾನ ಆಗ್ಲಿ. ಪೆಟ್ಟಿಗೆ ತಪ್ಪಾದ್ರೆ ಎಲ್ಲಾ ಗಾಡಿಯಿಂದ್ಲೂ ಕೀಳ್ಸಿಬಿಡ್ತೀನಿ. ನಿಮ್ಮಪ್ಪಂದಾದ್ರೆ, ವಯಸ್ಸೂ ಆಯ್ತು, ಬೀಗದಕೈ ಕೊಟ್ಬಿಡ್ಲಿ."

ಅವರು ಹೋದ ಮೇಲೆ ಪರದೆಯ ಮುಂದೆ ಕೂತೆ. ಒಂದು ಕಡೆ ನಾನು ಕಟ್ಟಿದ್ದೆಲ್ಲ, ಇನ್ನೊಂದು ಕಡೆ ಅಪ್ಪನ ಸ್ಟಿಯರಿಂಗು. ಸ್ಟಿಯರಿಂಗ್ ಬಿಟ್ಟ ಅಪ್ಪನನ್ನು ನಾನು ಕನಸಿನಲ್ಲೂ ಕಂಡಿರಲಿಲ್ಲ. ನಮ್ಮಪ್ಪ ಮನೆಯಲ್ಲಿ ಊಟಕ್ಕೆ ಕೂತಾಗಲೂ ಎಡಗೈ ಗೇರು ಹಾಕುವ ಹಾಗೆ ತೊಡೆಯ ಪಕ್ಕ ಇರುತ್ತದೆ.

ಸುಮ್ಮನೆ ಕೂರಲಾಗದೆ ಎರಡೂ ವ್ಯಾನುಗಳ ಗೆರೆಗಳನ್ನು ಪಕ್ಕಪಕ್ಕ ಇಟ್ಟೆ. ಅದೇ ರಸ್ತೆ, ಅದೇ ಜಾಮು, ಅದೇ ಬಿಸಿಲು. ಚಿಕ್ಕವನ ಗೆರೆ ಬೆಟ್ಟ ಹತ್ತಿತ್ತು. ಅಪ್ಪನದು ನಿದ್ದೆ ಮಾಡುತ್ತಿತ್ತು. ಹಿಂದಿನ ದಿನಗಳನ್ನೆಲ್ಲ ತೆಗೆದು ಉಳಿದ ವ್ಯಾನುಗಳ ಜೊತೆ ಇಟ್ಟು ನೋಡಿದೆ. ಪ್ರತಿದಿನವೂ ಹೀಗೆಯೇ. ಒಂದೇ ವ್ಯಾನಿನ ಲೆಕ್ಕ ಕೈಯಲ್ಲಿದ್ದರೆ ಯಾರಿಗೂ ಅನುಮಾನ ಬರುವುದಿಲ್ಲ. ಎಲ್ಲ ವ್ಯಾನುಗಳೂ ಒಂದೇ ಕಡೆ ಸುದ್ದಿ ಹೇಳಿದಾಗ ಮಾತ್ರ ಯಾವುದರ ಮಾತು ಉಳಿದವಕ್ಕೆ ಹೊಂದುತ್ತಿಲ್ಲ ಎಂದು ಕಾಣುತ್ತದೆ. ಇದಕ್ಕೇ ತಾನೇ ನಾನು ಈ ದಾರ ಪೋಣಿಸಿದ್ದು! ಚೈತ್ರದ ಬಿಸಿಲಿನಲ್ಲಿ, ತಗಡಿನ ಕೆಳಗೆ, ಯಾರ ಅನುಭವವೂ ಅಷ್ಟು ತಣ್ಣಗಿರಲು ಸಾಧ್ಯವಿಲ್ಲ.

ಸಂಜೆ ಮನೆ ಮುಂದೆ ನಿಂತಿದ್ದ ವ್ಯಾನಿನ ಬಾಗಿಲು ತೆರೆದು ಒಳಗೆ ಹತ್ತಿದೆ. ಪೆಟ್ಟಿಗೆ ಕಾಣಲಿಲ್ಲ. ಅದರ ಜಾಗದಲ್ಲಿ ಒಂದು ಗಂಟು ಇತ್ತು. ಮೊದಲು ಪ್ಲಾಸ್ಟಿಕ್ ಕವರು, ಅದರ ಮೇಲೆ ಗೋಣಿಚೀಲದ ತುಂಡು, ಸುತ್ತಲೂ ಸೆಣಬಿನ ದಾರ, ನಾಲ್ಕೂ ಮೂಲೆ ಮಡಚಿ ಅಚ್ಚುಕಟ್ಟಾಗಿ ಕಟ್ಟಿತ್ತು. ಮುಟ್ಟಿದೆ. ಇನ್ನೂ ಒದ್ದೆಯಾಗಿತ್ತು.

ಬೇಸಿಗೆಯಲ್ಲಿ ಹುಳುಮನೆಯ ಕಿಟಕಿಗೆ ಒದ್ದೆ ಗೋಣಿ ಕಟ್ಟುವುದು ನಮ್ಮ ಸೀಮೆಯಲ್ಲಿ ಎಲ್ಲರ ಮನೆಯ ಪದ್ಧತಿ. ಪೆಟ್ಟಿಗೆಗೂ ಕಟ್ಟಿದ್ದು ಮಾತ್ರ ನಮ್ಮಪ್ಪ.

ಅವರು ಹಿಂದೆಯೇ ಬಂದು ನಿಂತಿದ್ದರು.

"ಏನಪ್ಪ ಇದು?"

"ತಗಡು ಕಾದು ಕೆಂಡ ಆಗತ್ತೆ ಕಣಮ್ಮ. ಕರೆಂಟಿನ ಸಾಮಾನು. ಸುಟ್ಟು ಗಿಟ್ಟು ಹೋದ್ರೆ ಎಲ್ಲಾರ್ ಮುಂದೆ ನಿನ್ನ ಮರ್ಯಾದೆ ಏನಾಗ್ಬೇಕು? ನೀರು ಒಳಕ್ಕೆ ಹೋಗ್ದಿರ್ಲಿ ಅಂತ ಕವರ್ ಹಾಕಿದೀನಿ. ಕಿಂಡಿಯಿಂದ ಕೈ ಹಾಕಿ ಆವಾಗಾವಾಗ ಒಂಚೂರು ನೀರು ಚಿಮುಕಿಸ್ತೀನಿ."

"ಅಪ್ಪ, ಬಿಸಿ ಎಷ್ಟಿದೆ ಅಂತ ನೋಡೋದೇ ಅದರ ಕೆಲಸ. ಅದಕ್ಕೇ ತಣ್ಣಗೆ ಮಾಡಿಟ್ರೆ ತಣ್ಣಗಿದೆ ಅಂತಾನೇ ಹೇಳತ್ತೆ. ಮಿಕ್ಕ ಗಾಡಿಗಳ ಲೆಕ್ಕದ ಜೊತೆ ಇಟ್ಟು ನೋಡಿದ್ಮೇಲೇ ನಂಗೆ ಗೊತ್ತಾಗಿದ್ದು."

ಅಪ್ಪನ ಮುಖ ನೋಡಲಾಗಲಿಲ್ಲ. ಆ ಗಂಟನ್ನು ಮುಟ್ಟಿ ನೋಡಿ, "ಹಂಗಾದ್ರೆ ಆ ಹುಳ ಬೆಂದಿದ್ದು ನನ್ನಿಂದ," ಎಂದರು.

"ಜಾಮಲ್ಲಿ ನಿಂತಾಗ ಬಾಗ್ಲು ತೆಗ್ದು ಕೈ ಇಟ್ಟು ನೋಡ್ಲಿಲ್ವ? ನೀನು ಯಾವಾಗ್ಲೂ ನೋಡ್ತಿದ್ಯಲ್ಲ."

"ಮಗಳ ಪೆಟ್ಟಿಗೆ ಸುಮ್ನಿದೆ ಅಂದ್ಮೇಲೆ ನಾನ್ಯಾಕೆ ನೋಡ್ಲಿ? ನೋಡಿದ್ರೆ ನಿನ್ನ ಮೇಲೆ ನಂಬಿಕೆ ಇಲ್ದಂಗಾಗಲ್ವ?"

ನನಗೆ ಬೈಯಬೇಕೆನ್ನಿಸಿತು, ಅಳಬೇಕೆನ್ನಿಸಿತು, ಎರಡೂ ಆಗಲಿಲ್ಲ. ಇಷ್ಟು ಪ್ರೀತಿಯನ್ನು ತಾಳಿಕೊಳ್ಳುವ ಯಂತ್ರವನ್ನು ಯಾರೂ ಇನ್ನೂ ಮಾಡಿಲ್ಲ. ಆ ಗೋಣಿ ಬಿಚ್ಚಿ, ಈ ಒಂದು ಪೆಟ್ಟಿಗೆ ಕೆಟ್ಟಿತ್ತು ಎಂದುಬಿಟ್ಟರೆ ಅಪ್ಪ ಉಳಿಯುತ್ತಾರೆ ಎಂಬ ಯೋಚನೆಯೂ ಬಂತು. ಆದರೆ ಒಂದು ಪೆಟ್ಟಿಗೆ ಸುಳ್ಳು ಹೇಳಿತು ಎಂದರೆ ಮಿಕ್ಕ ಪೆಟ್ಟಿಗೆಗಳನ್ನು ಯಾರು ನಂಬುತ್ತಾರೆ? ರಾತ್ರಿ ಊಟಕ್ಕೆ ಕೂತೆವು. ಅಮ್ಮ ಬಡಿಸಿದ ಮುದ್ದೆ ತಟ್ಟೆಯಲ್ಲೇ ಆರಿತು. "ಅಪ್ಪ ಮಗಳು ಇಬ್ರೂ ಜ್ವರಕ್ಕೆ ಕೂತಿದೀರಾ?" ಎಂದು ಅಮ್ಮ ಗದರಿದರು.

ಬೆಳಿಗ್ಗೆ ಚಾಕಿ ಕೇಂದ್ರದ ಅಂಗಳದಲ್ಲಿ ಎಲ್ಲ ಡ್ರೈವರುಗಳೂ ಸೇರಿದ್ದರು. ಪೆಟ್ಟಿಗೆಯ ಕಾಟ ಇವತ್ತಿಗೆ ಮುಗಿಯಿತೆಂದು ಅವರ ಮುಖಗಳಲ್ಲಿ ಮದುವೆ ಮನೆಯ ಕಳೆ. ಯಜಮಾನರು ನನ್ನ ಕಡೆ ತಿರುಗಿ, "ಹೇಳಮ್ಮ, ಏನು ಕಂಡುಹಿಡಿದೆ?" ಎಂದರು. ನಾನು ಬಾಯಿ ತೆರೆದೆ. ಏನು ಹೇಳಬೇಕೆಂದಿದ್ದೆನೋ ಇವತ್ತಿಗೂ ನನಗೆ ಗೊತ್ತಿಲ್ಲ, ಏಕೆಂದರೆ ಅಷ್ಟರಲ್ಲಿ ಅಪ್ಪ ಎದ್ದು ನಿಂತರು. ಕೈಚೀಲದಿಂದ ಆ ಗೋಣಿ ತುಂಡನ್ನು ತೆಗೆದು ಯಜಮಾನರ ಮುಂದಿನ ಮೇಜಿನ ಮೇಲೆ ಹಾಸಿದರು.

"ಸ್ವಾಮಿ, ಪೆಟ್ಟಿಗೆ ಸುಳ್ಳು ಹೇಳಿಲ್ಲ. ಅದಕ್ಕೆ ತಣ್ಣಗಿತ್ತು, ತಣ್ಣಗಿದೆ ಅಂತು. ಅದರ ಬಾಯಿಗೆ ಒದ್ದೆ ಗೋಣಿ ಕಟ್ಟಿದೋನು ನಾನು. ಬಿಸ್ಲಿಗೆ ಕೆಟ್ಟೋಗತ್ತೆ ಅಂದ್ಕೊಂಡೆ. ನನ್ನ ಗಾಡಿ ಸರಿಯಿಲ್ಲ ಅಂತ ಕಂಡುಹಿಡ್ದಿದ್ದೂ ಮಿಕ್ಕ ಗಾಡಿಗಳ ಪೆಟ್ಟಿಗೆಗಳೇ."

ಜೇಬಿನಿಂದ ವ್ಯಾನಿನ ಬೀಗದಕೈ ತೆಗೆದು ಆ ಗೋಣಿಯ ಮೇಲಿಟ್ಟರು.

"ನನ್ನ ಬೇಕಾದ್ರೆ ಇಳ್ಸಿ. ಅದನ್ನ ಮಾತ್ರ ಇಳಿಸ್ಬೇಡಿ."

ಆಮೇಲೆ ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡರು ಎಂಬ ಹಾಗೆ, ಹಿಂದಿನಿಂದ ಒಬ್ಬ ಗಂಟಲು ಸರಿಮಾಡಿಕೊಂಡು, ತಾನೂ ಪೆಟ್ಟಿಗೆಯ ಮೇಲೆ ಟವೆಲ್ಲು ಹಾಕುತ್ತಿದ್ದೆ ಎಂದ. ಅವನು ಹಾಕುತ್ತಿದ್ದದ್ದು ಪ್ರೀತಿಗಲ್ಲ, ಅದು ಬೇರೆ ಮಾತು. ಯಜಮಾನರು ಪೆಟ್ಟಿಗೆಗಳು ಇರಲಿ ಎಂದರು. ಬೀಗದಕೈಯನ್ನು ಮೇಜಿನ ಖಾನೆಗೆ ಹಾಕಿದರು. ಆ ಹೆಂಗಸಿಗೆ ಬೇರೆ ಹುಳು ಕೊಡುತ್ತೇವೆ ಎಂದು ಅಲ್ಲೇ ಫೋನು ಮಾಡಿ ಹೇಳಿದರು, ನಡೆದದ್ದನ್ನೂ ಮುಚ್ಚುಮರೆಯಿಲ್ಲದೆ ಹೇಳಿದರು.

ಅಪ್ಪನನ್ನು ಸ್ಕೂಟರಿನ ಹಿಂದೆ ಕೂರಿಸಿಕೊಂಡು ಮನೆಗೆ ಬಂದೆ. ನನ್ನ ಹಿಂದೆ ಅವರು ಕೂತದ್ದು ಅದೇ ಮೊದಲು. ಕಣ್ಣೀರಿಗೆ ರಸ್ತೆಯೇ ಕಾಣುತ್ತಿರಲಿಲ್ಲ. ಕುಡುಮಲಕುಂಟೆಯಲ್ಲಿ ಬಡ್ತಿ ಬಂದಾಗ ಹೆಮ್ಮೆಪಟ್ಟಿದ್ದೆ, ಮೊದಲ ಚುಕ್ಕಿ ಪರದೆಯ ಮೇಲೆ ಮಿಣುಕಿದಾಗ ಹೆಮ್ಮೆಪಟ್ಟಿದ್ದೆ. ಇಂಥವರ ಮಗಳು ಎಂಬ ಹೆಮ್ಮೆಯ ಮುಂದೆ ಅವೆಲ್ಲ ಏನೂ ಅಲ್ಲ ಎಂದು ಆ ಸ್ಕೂಟರಿನ ಮೇಲೆ ಗೊತ್ತಾಯಿತು. "ಗುಂಡಿ ನೋಡ್ಕೊಂಡು ಓಡ್ಸಮ್ಮ," ಎಂದರು ಅಪ್ಪ.

ಆಮೇಲೆ ಅವರು ನನ್ನ ಕೋಣೆಯಲ್ಲಿ ಸ್ಟೂಲು ಹಾಕಿಕೊಂಡು ಕೂರತೊಡಗಿದರು. ಚುಕ್ಕಿಗಳನ್ನು ನೋಡುತ್ತಾ, "ಇವ್ನು ಆ ತಿರುವಲ್ಲಿ ಇಷ್ಟು ಜೋರಾಗಿ ಹೋಗ್ಬಾರ್ದು," ಎಂದು ಗೊಣಗುತ್ತಿದ್ದರು. ನಕಾಶೆಯಲ್ಲಿ ಅವರ ವ್ಯಾನಿನ ಚುಕ್ಕಿ ಕೇಂದ್ರದ ಅಂಗಳದಲ್ಲೇ ಬೂದು ಬಣ್ಣಕ್ಕೆ ತಿರುಗಿ ನಿಂತಿತ್ತು. ಅವರು ಆ ಕಡೆ ಮಾತ್ರ ನೋಡುತ್ತಿರಲಿಲ್ಲ. ನಾನೂ ನೋಡದ ಹಾಗೆ ಇದ್ದೆ.

ಗೌರಿಬಿದನೂರಿಗೆ ಬೇರೆ ಹುಳು ಕಳಿಸುವ ದಿನ ಹತ್ತಿರ ಬಂತು. ಯಾರನ್ನು ಕಳಿಸಲಿ ಎಂದು ಯಜಮಾನರು ಯೋಚಿಸುತ್ತಿರುವಾಗ ಆ ಹೆಂಗಸೇ ಅವರಿಗೆ ಫೋನು ಮಾಡಿದರಂತೆ. ಆಮೇಲೆ ನನಗೂ ಮಾಡಿದರು.

"ಆಯನ ಅಬದ್ಧಂ ಚೆಪ್ಪಲೇದಮ್ಮಾ," ಎಂದು ತೆಲುಗಿನಲ್ಲಿ ಶುರುಮಾಡಿ ಕನ್ನಡಕ್ಕೆ ಬಂದರು. "ಅವ್ರು ಸುಳ್ಳು ಹೇಳ್ಲಿಲ್ಲ. ನನ್ನ ಹುಳ ಹೋಯ್ತು, ಹೊಟ್ಟೆ ಉರೀತು, ಇಲ್ಲ ಅನ್ನಲ್ಲ. ಆದ್ರೆ ತಪ್ಪು ಮಾಡಿ ಮುಚ್ಚಿಡೋರು ಬೇಕಾದಷ್ಟು ಜನ ಸಿಕ್ತಾರೆ. ನನ್ನ ಹುಳ ಅವ್ರೇ ತರ್ಲಿ. ಇಲ್ಲಾಂದ್ರೆ ನಾನು ಇಳಿಸ್ಕೊಳ್ಳಲ್ಲ ಅಂತ ನಿಮ್ಮ ಯಜಮಾನ್ರಿಗೆ ಹೇಳಿದೀನಿ."

ಮಧ್ಯಾಹ್ನ ಯಜಮಾನರು ನಮ್ಮ ಮನೆ ಬಾಗಿಲಿಗೆ ಬಂದರು. ಚಪ್ಪಲಿ ಬಿಟ್ಟು ಒಳಗೆ ಬಂದು, ಬೀಗದಕೈಯನ್ನು ಅಪ್ಪನ ಅಂಗೈಯಲ್ಲಿಟ್ಟು, "ನಾಳೆ ಗೌರಿಬಿದನೂರಪ್ಪ. ಗೋಣಿ ಮನೇಲೇ ಬಿಟ್ಟು ಬಾ," ಎಂದರು. ಅಪ್ಪ ನಕ್ಕರು. ಅಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡು, ಒಲೆಯ ಹೊಗೆಯನ್ನು ಬೈದರು. ನಮ್ಮ ಮನೆಗೆ ಗ್ಯಾಸ್ ಬಂದು ಎಷ್ಟೋ ವರ್ಷವಾಗಿತ್ತು.

ಪೆಟ್ಟಿಗೆಯನ್ನು ಈ ಸಲ ಟ್ರೇಗಳ ನಡುವೆಯೇ ಕಟ್ಟಿದೆ, ಹುಳುವಿಗೆ ತಗಲುವ ಗಾಳಿಯೇ ಅದಕ್ಕೂ ತಗಲುವ ಹಾಗೆ. ಸುತ್ತಲೂ ತಂತಿಯ ಬಲೆ ಹಾಕಿದೆ, ಯಾರೂ ಏನೂ ಹೊದಿಸದ ಹಾಗೆ. ಎಲ್ಲ ವ್ಯಾನುಗಳಿಗೂ ಹಾಗೇ ಮಾಡಿದೆ.

ಮುಂಜಾನೆ ಹೊರಟ ಅಪ್ಪನ ಚುಕ್ಕಿ ಚಿಕ್ಕಬಳ್ಳಾಪುರ ದಾಟಿತು. ಮಂಚೇನಹಳ್ಳಿಯ ಹತ್ತಿರ ರಸ್ತೆ ಕೆಲಸ ನಡೆದಿತ್ತು, ಗಾಡಿ ನಿಂತು ನಿಂತು ಹೋಗುತ್ತಿತ್ತು. ಬಿಸಿಲು ಬಲಿಯಿತು. ನೋಡುತ್ತಿದ್ದ ಹಾಗೆಯೇ ಚುಕ್ಕಿ ಕೇಸರಿಯಾಯಿತು, ನನ್ನ ಫೋನು ಕೂಗಿತು. ಅಪ್ಪನಿಗೆ ಕರೆ ಮಾಡಲು ಫೋನು ಎತ್ತಿಕೊಂಡೆ. ಅಷ್ಟರಲ್ಲಿ ಚುಕ್ಕಿ ರಸ್ತೆಯಿಂದ ಪಕ್ಕಕ್ಕೆ ಸರಿದು ನಿಂತಿತು. ಅವರದೇ ಕರೆ ಬಂತು.

"ನಿನ್ನ ಪೆಟ್ಟಿಗೆ ಬೈತು ಕಣಮ್ಮ. ಗಾಡಿ ನೆರಳಿಗೆ ಹಾಕಿದೀನಿ, ಬಾಗ್ಲು ತೆಗ್ದಿದೀನಿ."

"ಕೈ ಇಟ್ಟು ನೋಡಿದ್ಯಾ ಅಪ್ಪ?"

"ನೋಡ್ದೆ. ನಾನೂ ಅದೂ ಇಬ್ರೂ ಒಂದೇ ಮಾತು ಹೇಳ್ತಿದೀವಿ."

ಪರದೆಯನ್ನೇ ನೋಡುತ್ತಾ ಕೂತೆ. ಸ್ವಲ್ಪ ಹೊತ್ತಿಗೆ ಚುಕ್ಕಿ ಹಸಿರಾಯಿತು, ಮೆಲ್ಲಗೆ ರಸ್ತೆಗೆ ಇಳಿದು ಗೌರಿಬಿದನೂರಿನ ಕಡೆಗೆ ಹೊರಟಿತು. ನಾನು ಅಡುಗೆಮನೆಯ ಕಡೆ ತಿರುಗಿ ಗಟ್ಟಿಯಾಗಿ ಕೂಗಿದೆ.

"ಅಮ್ಮ, ಬಾ ಇಲ್ಲಿ. ಅಪ್ಪ ಗಾಡಿ ಓಡಿಸ್ತಾ ಇದ್ದಾರೆ, ನೋಡು."